ಒಂದು ಅಗುಳು ಸಾಕೇ? ಸಮಾಜ ಸಂಶೋಧನೆಯಲ್ಲಿ ಅಂಕಿ-ಅಂಶಗಳ ವಿಶ್ಲೇಷಣೆ

ಅನ್ನ ಬೆಂದಿತೆ ಇಲ್ಲವೆ ಎಂಬುದನ್ನು ತಿಳಿಯಲು ಗೃಹಿಣಿಯು ಪಾತ್ರೆಯಲ್ಲಿರುವ ಅಗುಳುಗಳನ್ನೆಲ್ಲ ಹಿಸುಕಿ ನೋಡುವುದಿಲ್ಲ. ಒಂದೆರಡನ್ನು ತೆಗೆದು ಬೆರಳಿನಲ್ಲಿ ಒತ್ತಿ ನೋಡಿ ನಿರ್ಣಯಕ್ಕೆ ಬರುತ್ತಾಳೆ. ಆಕೆಯ ನಿರ್ಣಯ ತಪ್ಪುವುದು ಅಪರೂಪ. ಕುದಿಯುವ ನೀರು ಕಾಳುಗಳನ್ನು ಒಂದೇ ಸಮನೆ ಮೇಲೆ ಕೆಳಗೆ ಮಾಡುತ್ತಿರುತ್ತದೆ. ಎಲ್ಲ ಕಾಳಿಗೂ ತಾಗುವ ಬಿಸಿ ಹೆಚ್ಚು ಕಡಿಮೆ ಒಂದೇ ಆಗಿರುತ್ತದೆ. ಆದ್ದರಿಂದ ಒಂದು ಅಗುಳು ಉಳಿದೆಲ್ಲ ಅಗುಳುಗಳ ಪ್ರತಿನಿಧಿಯಾಗಬಲ್ಲದು.

ಈಗ ಬೆಂಗಳೂರಿನ ಪೂರ್ವ ಭಾಗದಲ್ಲಿ, ವೈಟ್‌ಫೀಲ್ಡಿಗೆ ಹೋಗುವ ದಾರಿಯಲ್ಲಿ ಕುಂದಲಹಳ್ಳಿಯ ಮಗ್ಗುಲಿಗಿರುವ ಬ್ರೂಕ್‌ಫೀಲ್ಡನ್ನು ನೋಡೋಣ. ಅಲ್ಲಿ ಕಾವಲುಗಾರರಿರುವ ಬಹುಮಹಡಿ ವಸತಿಗಳಿವೆ. ಗಣಕ ಕಾರ್ಯಾಲಯಗಳಲ್ಲಿ ದುಡಿಯುವ ತರುಣ ತರುಣಿಯರು ಒಂದು ಕೋಣೆಯಲ್ಲಿ ಇಬ್ಬರು ಮೂವರಂತೆ ವಾಸಿಸುವ ಪಿ.ಜಿ.ಗಳಿವೆ. ಹಳೆಯ ಹಳ್ಳಿಯ ಮನೆಗಳೂ ಬಾಡಿಗೆಯ ವಠಾರಗಳೂ ಇವೆ. ಸುತ್ತಮುತ್ತಣ ಖಾಲಿ ನಿವೇಶನಗಳಲ್ಲಿ ಕಟ್ಟಡದ ಕೆಲಸಕ್ಕೆಂದು ದೂರದಿಂದ ಬಂದವರ ತಗಡಿನ ಶೆಡ್ಡುಗಳೂ ಕಾಣಸಿಗುತ್ತವೆ. ಇದು ಕುದಿದು ಬೆರೆತ ಅನ್ನವಲ್ಲ. ಇಲ್ಲಿ ಒಂದು ಅಗುಳನ್ನು ಹಿಸುಕಿದರೆ ಆ ಅಗುಳಿನ ಸಂಗತಿ ಮಾತ್ರ ತಿಳಿದೀತು.

ಇದರಿಂದ ಏನು ನಷ್ಟ ಎಂದು ವಾಚಕರು ಕೇಳಬಹುದು. 2024ರ ಬೇಸಿಗೆಯ ಆರಂಭದಲ್ಲಿ ಬೆಂಗಳೂರಿಗೆ ನೀರಿನ ಅಭಾವ ತಲೆದೋರಿತು. ನಗರದ ಹೊರ ಬಡಾವಣೆಗಳಲ್ಲಿ ಕೊಳವೆಬಾವಿಗಳು ಬತ್ತಿ ಜನರು ಟ್ಯಾಂಕರುಗಳಿಗಾಗಿ ಕಾಯಬೇಕಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ, 2007ರಲ್ಲಿ ನಗರದೊಳಕ್ಕೆ ಸೇರಿದ್ದ 110 ಹಳ್ಳಿಗಳಿಗೆ ನೀರುಣಿಸಲು ಕಾವೇರಿ ಯೋಜನೆಯ ಐದನೆಯ ಹಂತ ಉದ್ಘಾಟನೆಯಾಯಿತು. ಕೊಳವೆ ಹಾಕಿದ ಮೇಲೆ ನೀರು ಯಾರ ಮನೆಗೆ ಮುಟ್ಟಿತು, ಯಾರ ಮನೆಗೆ ಮುಟ್ಟಲಿಲ್ಲ ಎಂಬುದನ್ನು ಅಳೆಯುವುದು ಯಂತ್ರಶಾಸ್ತ್ರಜ್ಞನ ಕೆಲಸವಷ್ಟೇ ಅಲ್ಲ, ಸಮಾಜ ಸಂಶೋಧಕನ ಕೆಲಸವೂ ಹೌದು. ಅವನ ಲೆಕ್ಕ ತಪ್ಪಿದರೆ ತಗಡಿನ ಶೆಡ್ಡಿನಲ್ಲಿರುವವಳು ಕೊಡ ಹಿಡಿದು ನಿಲ್ಲುವ ಕಾಲ ಕಾಗದದ ಮೇಲೆ ಕಾಣದೆಯೇ ಹೋಗುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಇಲ್ಲಿ ಬರುವ ಸಂಖ್ಯೆಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು, ಯಾವ ಸಮೀಕ್ಷೆಯಿಂದಲೂ ತೆಗೆದುಕೊಂಡವಲ್ಲ. ಒಂದು ಬಡಾವಣೆಯ ಮನೆಗಳಲ್ಲಿ ನೂರಕ್ಕೆ 50 ಬಹುಮಹಡಿ ವಸತಿಗಳು, 30 ಬಾಡಿಗೆಯ ಕೋಣೆಗಳು, 20 ಶೆಡ್ಡುಗಳು ಎಂದಿಟ್ಟುಕೊಳ್ಳಿ. ವಿದ್ಯಾರ್ಥಿಯೊಬ್ಬನು ವಾರದ ದಿನ ಹಗಲು ಹನ್ನೊಂದು ಗಂಟೆಗೆ ಹೊರಟು ನೂರು ಮನೆಗಳಲ್ಲಿ “ನಿಮಗೆ ನೀರು ಸಾಕಾಗುತ್ತದೆಯೆ?” ಎಂದು ಕೇಳುತ್ತಾನೆ. ಆ ಹೊತ್ತಿನಲ್ಲಿ ಕೂಲಿಯವರು ಕೆಲಸಕ್ಕೆ ಹೋಗಿರುತ್ತಾರೆ, ಕೋಣೆಗಳಿಗೆ ಬೀಗ ಬಿದ್ದಿರುತ್ತದೆ. ಅವನಿಗೆ ಸಿಕ್ಕವು 80 ಬಹುಮಹಡಿ ಮನೆಗಳು, 15 ಕೋಣೆಗಳು, 5 ಶೆಡ್ಡುಗಳು. ಸಾಕಾಗುತ್ತದೆ ಎಂದವರು ಮೊದಲನೆಯ ವರ್ಗದಲ್ಲಿ 72, ಎರಡನೆಯದರಲ್ಲಿ 9, ಮೂರನೆಯದರಲ್ಲಿ ಒಬ್ಬರು. ಒಟ್ಟು 82. “ನೂರಕ್ಕೆ 82 ಮನೆಗಳಲ್ಲಿ ನೀರು ಸಾಕಷ್ಟಿದೆ” ಎಂದು ಅವನು ಬರೆದುಕೊಂಡರೆ ಕೂಡಿಸುವುದರಲ್ಲಿ ಏನೂ ತಪ್ಪಿಲ್ಲ, ಆದರೂ ಉತ್ತರ ತಪ್ಪು.

ಇದನ್ನು ಸರಿಪಡಿಸುವ ಕ್ರಮಕ್ಕೆ ತೂಕ ಕಟ್ಟುವುದು ಎನ್ನಬಹುದು. ಮೂರು ವರ್ಗಗಳಲ್ಲಿ ತೃಪ್ತರಾದವರ ಪ್ರಮಾಣ ಕ್ರಮವಾಗಿ ನೂರಕ್ಕೆ 90, 60, 20. ಇವನ್ನು ಆಯಾ ವರ್ಗದ ನಿಜವಾದ ಪಾಲಿನಿಂದ ಗುಣಿಸಿದರೆ 45, 18, 4 ಬರುತ್ತವೆ, ಕೂಡಿಸಿದರೆ 67. ಎಂಬತ್ತೆರಡೆಲ್ಲಿ, ಅರುವತ್ತೇಳೆಲ್ಲಿ! ಆದರೆ ಈ ತಿದ್ದುಪಡಿಗೂ ಒಂದು ಮಿತಿಯುಂಟು. ಶೆಡ್ಡುಗಳಿಂದ ಬಂದ ಐದು ಉತ್ತರಗಳಲ್ಲಿ ಒಂದು ಬದಲಾದರೆ ಒಟ್ಟು ಫಲಿತಾಂಶ ನೂರಕ್ಕೆ 4ರಷ್ಟು ಅಲುಗಾಡುತ್ತದೆ. ಬಹುಮಹಡಿಯ ಎಂಬತ್ತರಲ್ಲಿ ಒಂದು ಬದಲಾದರೆ ಅಲುಗಾಟ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಕಡಿಮೆ ಜನರ ಹೆಗಲಿಗೆ ಹೆಚ್ಚು ತೂಕ ಹೊರಿಸಿದರೆ ತಕ್ಕಡಿ ನಿಲ್ಲುವುದಿಲ್ಲ. ಆದಕಾರಣ ಜಾಣ ಸಂಶೋಧಕನು ಮೊದಲೇ ಬಡಾವಣೆಯನ್ನು ವರ್ಗಗಳಾಗಿ ವಿಂಗಡಿಸಿ ಒಂದೊಂದರಿಂದಲೂ ಸಾಕಷ್ಟು ಮನೆಗಳನ್ನು ಚೀಟಿಯೆತ್ತಿದಂತೆ ಆರಿಸಿಕೊಳ್ಳುತ್ತಾನೆ. ಯಾವ ಮನೆ ಬರಬೇಕೆಂಬುದು ಅವನ ಇಷ್ಟಕ್ಕಾಗಲಿ ಮನೆಯವರ ಇಷ್ಟಕ್ಕಾಗಲಿ ಬಿಟ್ಟದ್ದಲ್ಲ. ಪ್ರತಿಯೊಂದು ಮನೆಗೂ ಆರಿಸಲ್ಪಡುವ ಸಂಭವ ಎಷ್ಟೆಂಬುದು ಮೊದಲೇ ಗೊತ್ತಿರಬೇಕು. ಸಂಖ್ಯಾಶಾಸ್ತ್ರದಲ್ಲಿ ಇದೇ ಯಾದೃಚ್ಛಿಕ ಮಾದರಿ.

ಮಾದರಿಯ ಗಾತ್ರದ ವಿಷಯದಲ್ಲಿ ಜನರಿಗೆ ಒಂದು ಭ್ರಮೆಯುಂಟು: ದೊಡ್ಡದಾದಷ್ಟೂ ಒಳ್ಳೆಯದು ಎಂದು. ಅಮೆರಿಕದ ‘ಲಿಟರರಿ ಡೈಜೆಸ್ಟ್’ ಎಂಬ ಪತ್ರಿಕೆ 1936ರ ಅಧ್ಯಕ್ಷ ಚುನಾವಣೆಗೆ ಮುಂಚೆ ಸುಮಾರು ಒಂದು ಕೋಟಿ ಜನರಿಗೆ ಕಾಗದ ಬರೆಯಿತು. ಇಪ್ಪತ್ತು ಲಕ್ಷಕ್ಕೂ ಮೀರಿ ಉತ್ತರಗಳು ಬಂದವು. ಅವುಗಳ ಆಧಾರದ ಮೇಲೆ ಲ್ಯಾಂಡನ್ ಗೆಲ್ಲುವನೆಂದು ಪತ್ರಿಕೆ ಸಾರಿತು. ಗೆದ್ದವನು ರೂಸ್‌ವೆಲ್ಟ್, ಅದೂ ಭಾರಿ ಬಹುಮತದಿಂದ. ಪತ್ರಿಕೆ ವಿಳಾಸಗಳನ್ನು ಹೆಚ್ಚಾಗಿ ದೂರವಾಣಿ ಮತ್ತು ಮೋಟಾರು ಗಾಡಿಗಳ ಪಟ್ಟಿಗಳಿಂದ ತೆಗೆದುಕೊಂಡಿತ್ತು. ಆ ಬಿಕ್ಕಟ್ಟಿನ ಕಾಲದಲ್ಲಿ ಅವೆರಡೂ ಉಳ್ಳವರ ಸ್ವತ್ತು. ಅಲ್ಲದೆ ಉತ್ತರ ಬರೆಯುವ ಉತ್ಸಾಹ ಎಲ್ಲರಿಗೂ ಒಂದೇ ಸಮನಾಗಿರಲಿಲ್ಲ. ಅದೇ ಚುನಾವಣೆಯಲ್ಲಿ ಗ್ಯಾಲಪ್ ಎಂಬಾತನು ಅದಕ್ಕಿಂತ ಎಷ್ಟೋ ಸಣ್ಣ ಮಾದರಿಯಿಂದ ಗೆಲ್ಲುವವನನ್ನು ಸರಿಯಾಗಿ ಹೇಳಿದ್ದನು. ಓರೆಯಾದ ಮಾದರಿಯನ್ನು ದೊಡ್ಡದು ಮಾಡಿದರೆ ಓರೆ ಹೋಗುವುದಿಲ್ಲ, ನಂಬಿಕೆ ಮಾತ್ರ ಹೆಚ್ಚುತ್ತದೆ.

ಸರಿಯಾಗಿ ಆರಿಸಿದ ಮಾದರಿಯಲ್ಲಿ ಗಾತ್ರಕ್ಕೂ ನಿಖರತೆಗೂ ಇರುವ ಸಂಬಂಧ ಕುತೂಹಲಕರವಾದುದು. 400 ಮನೆಗಳ ಯಾದೃಚ್ಛಿಕ ಮಾದರಿಯಲ್ಲಿ ಅರ್ಧದಷ್ಟು ಜನ ಹೌದೆಂದರೆ, ಇಡೀ ಊರಿನ ಪ್ರಮಾಣವು ನೂರಕ್ಕೆ 45ರಿಂದ 55ರ ಒಳಗೆ ಇದೆ ಎಂದು ಹೇಳಬಹುದು. ಈ ಬಗೆಯ ಹೇಳಿಕೆಗಳಲ್ಲಿ ಇಪ್ಪತ್ತರಲ್ಲಿ ಹತ್ತೊಂಬತ್ತು ನಿಜವಾಗುತ್ತವೆ. ತಪ್ಪಿನ ಈ ಅಂತರವನ್ನು ಅರ್ಧಕ್ಕೆ ಇಳಿಸಬೇಕಾದರೆ 800 ಸಾಲದು, 1600 ಮನೆಗಳು ಬೇಕು. ಏಕೆಂದರೆ ಅಂತರವು ಗಾತ್ರದ ವರ್ಗಮೂಲವನ್ನು ಅನುಸರಿಸಿ ಇಳಿಯುತ್ತದೆ. ಊರು ಚಿಕ್ಕದೋ ದೊಡ್ಡದೋ ಎಂಬುದು ಈ ಲೆಕ್ಕದಲ್ಲಿ ಬಹುಮಟ್ಟಿಗೆ ಬರುವುದೇ ಇಲ್ಲ. ಚಮಚದಲ್ಲಿ ಸಾರಿನ ರುಚಿ ನೋಡುವವನಿಗೆ ಪಾತ್ರೆ ಮನೆಯದಾದರೂ ಒಂದೇ, ಮದುವೆಯದಾದರೂ ಒಂದೇ, ಚೆನ್ನಾಗಿ ಕದಡಿದ್ದರೆ ಸರಿ.

ಆದರೆ ಮನೆಗಳ ಪಟ್ಟಿಯೇ ಹಳೆಯದಾಗಿದ್ದರೆ? ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65 ಲಕ್ಷವಿದ್ದುದು 2011ರಲ್ಲಿ 96 ಲಕ್ಷವಾಯಿತು; ಹತ್ತು ವರ್ಷಗಳಲ್ಲಿ ನೂರಕ್ಕೆ 47ರ ಏರಿಕೆ. 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಆ ವರ್ಷ ನಡೆಯಲಿಲ್ಲ. ಬ್ರೂಕ್‌ಫೀಲ್ಡಿನಂತಹ ಕಡೆ 2011ರ ಪಟ್ಟಿಯನ್ನು ಹಿಡಿದು ಹೊರಟವನಿಗೆ ಅಂದು ಬಯಲಾಗಿದ್ದ ಜಾಗದಲ್ಲಿ ಇಂದು ಗೋಪುರದಂತಹ ಕಟ್ಟಡ ಎದುರಾಗಬಹುದು. ಇಂತಹ ಸ್ಥಳದಲ್ಲಿ ಬೀದಿ ಬೀದಿ ನಡೆದು ಬಾಗಿಲುಗಳನ್ನು ಎಣಿಸಿ ಪಟ್ಟಿಯನ್ನು ಹೊಸದಾಗಿ ಬರೆಯುವುದೊಂದೇ ಉಪಾಯ. ಉಪಗ್ರಹದ ಚಿತ್ರಗಳು ಈಗ ಇದಕ್ಕೆ ನೆರವಾಗುತ್ತವೆ. ಆದರೆ ಒಂದು ತಗಡಿನ ಮಾಡಿನ ಕೆಳಗೆ ಎಷ್ಟು ಒಲೆಗಳು ಹೊತ್ತುತ್ತವೆ ಎಂಬುದು ಮೇಲಿನಿಂದ ಕಾಣುವುದಿಲ್ಲ.

ಉತ್ತರಗಳು ಬಂದ ಮೇಲೆ ಲೆಕ್ಕಕ್ಕೆ ಮುಂಚೆ ಶುದ್ಧಗೊಳಿಸುವ ಕೆಲಸವುಂಟು. ಬೇಸರದ ಕೆಲಸ, ಆದರೆ ಅಕ್ಕಿಯಲ್ಲಿ ಕಲ್ಲು ಆರಿಸದೆ ಅನ್ನಕ್ಕಿಡುವವರಿಲ್ಲ. ವಯಸ್ಸನ್ನು ಕೇಳಿದರೆ ನಮ್ಮ ಜನ ಮೂವತ್ತು, ಮೂವತ್ತೈದು, ನಲವತ್ತು ಎನ್ನುತ್ತಾರೆ. ಮೂವತ್ತೊಂದು, ಮೂವತ್ತೇಳು ಎನ್ನುವವರು ವಿರಳ. ಜನಗಣತಿಯ ಕೋಷ್ಟಕಗಳಲ್ಲಿ ಸೊನ್ನೆಯಿಂದಲೂ ಐದರಿಂದಲೂ ಮುಗಿಯುವ ವಯಸ್ಸುಗಳು ಗುಡ್ಡೆ ಗುಡ್ಡೆಯಾಗಿ ಬೀಳುವುದು ಇದರಿಂದಲೇ. ಹಿಂದೆ ಹಳ್ಳಿಗಳಲ್ಲಿ ಕನ್ನಂಬಾಡಿ ಕಟ್ಟೆ ಕಟ್ಟುವಾಗ ನೀನು ಎಷ್ಟು ದೊಡ್ಡವನಿದ್ದೆ ಎಂಬಂತಹ ಪ್ರಶ್ನೆಯಿಂದ ವಯಸ್ಸನ್ನು ಊಹಿಸುವ ರೂಢಿಯಿತ್ತು. ಇನ್ನೊಂದು ಬಗೆಯ ಕಲ್ಲು ಸಂಶೋಧಕನೇ ಹಾಕಿಟ್ಟುಕೊಂಡದ್ದು. ಉತ್ತರ ಗೊತ್ತಿಲ್ಲದ ಕಡೆ 99 ಎಂದು ಬರೆಯುವ ಪದ್ಧತಿಯುಂಟು. ಹತ್ತು ಮನೆಗಳಲ್ಲಿ ಒಂಬತ್ತರಲ್ಲಿ ನಾಲ್ಕು ನಾಲ್ಕು ಜನರಿದ್ದು ಹತ್ತನೆಯದರ ಮುಂದೆ 99 ಇದ್ದರೆ, ಯಂತ್ರವು ಅದನ್ನೂ ಜನರೆಂದೇ ಎಣಿಸಿ ಮನೆಗೆ ಸರಾಸರಿ ಹದಿಮೂರೂವರೆ ಮಂದಿ ಎಂದು ಕೊಡುತ್ತದೆ. ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ನಿಲ್ಲಿಸಿ ನಡುವಿನದನ್ನು ತೆಗೆದುಕೊಳ್ಳುವ ಮಧ್ಯಾಂಕವಾದರೋ ನಾಲ್ಕರಲ್ಲೇ ಗಟ್ಟಿಯಾಗಿ ನಿಂತಿರುತ್ತದೆ. ಸರಾಸರಿಗೂ ಮಧ್ಯಾಂಕಕ್ಕೂ ಬಹಳ ಅಂತರ ಕಂಡರೆ ಅಲ್ಲಿ ಏನೋ ಇದೆ ಎಂದು ತಿಳಿಯತಕ್ಕದ್ದು: ಒಂದೋ ತಪ್ಪು, ಇಲ್ಲವೆ ಒಬ್ಬ ಕುಬೇರ.

ಇನ್ನು ವಿಶ್ಲೇಷಣೆಯ ಹೃದಯಕ್ಕೆ ಬರೋಣ. ಇದಕ್ಕೆ ಬೆಂಗಳೂರಿನಲ್ಲೇ ನಡೆದ, ಹೊರದೇಶಗಳಲ್ಲೂ ಹೆಸರಾದ ಒಂದು ಕಾರ್ಯ ನಿದರ್ಶನವಾಗಿದೆ. ಹಿಂದೆ ಅಹಮದಾಬಾದಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಸ್ಯಾಮ್ಯುಯೆಲ್ ಪಾಲ್ ಅವರು 1993ರಲ್ಲಿ ಕೆಲವು ನಾಗರಿಕರೊಡಗೂಡಿ ಒಂದು ಸಮೀಕ್ಷೆಯನ್ನು ಕೈಗೊಂಡರು. ಮಕ್ಕಳಿಗೆ ಶಾಲೆಯಲ್ಲಿ ಅಂಕಪಟ್ಟಿ ಕೊಡುವಂತೆ ನೀರು, ವಿದ್ಯುತ್ತು, ದೂರವಾಣಿ, ನಗರಪಾಲಿಕೆ, ಅಭಿವೃದ್ಧಿ ಪ್ರಾಧಿಕಾರ ಮೊದಲಾದ ಸಂಸ್ಥೆಗಳಿಗೆ ನಾಗರಿಕರಿಂದಲೇ ಅಂಕ ಕೊಡಿಸುವುದು ಅವರ ಉದ್ದೇಶ. 1994ರಲ್ಲಿ ಹೊರಬಿದ್ದ ಆ ‘ನಾಗರಿಕ ವರದಿ ಪತ್ರ’ದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಸೇವೆಯಿಂದ ತೃಪ್ತರಾದವರು ನೂರಕ್ಕೆ ಒಬ್ಬರು! ಅದೇ ವರ್ಷ ಪಾಲ್ ಅವರು ‘ಪಬ್ಲಿಕ್ ಅಫೇರ್ಸ್ ಸೆಂಟರ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. 1999ರಲ್ಲೂ 2003ರಲ್ಲೂ ಸಮೀಕ್ಷೆ ಮತ್ತೆ ನಡೆಯಿತು.

ಈ ವರದಿಯ ಶಕ್ತಿ ಒಟ್ಟು ಸರಾಸರಿಯಲ್ಲಿರಲಿಲ್ಲ, ವಿಂಗಡಣೆಯಲ್ಲಿತ್ತು. ಕೊಳೆಗೇರಿಗಳ ನಿವಾಸಿಗಳನ್ನು ಬೇರೆಯಾಗಿಯೇ ಪ್ರಶ್ನಿಸಲಾಗಿತ್ತು. ಕೆಲಸವಾಗಲು ಲಂಚ ಕೊಡಬೇಕಾಯಿತು ಎಂದವರು ಸಾಮಾನ್ಯ ಮನೆಗಳಲ್ಲಿ ಏಳರಲ್ಲಿ ಒಬ್ಬರು. ಕೊಳೆಗೇರಿಗಳಲ್ಲಿ ಮೂರರಲ್ಲಿ ಒಬ್ಬರು. ಕಡಿಮೆ ಇದ್ದವನೇ ಹೆಚ್ಚು ಸಲ ತೆರಬೇಕಾಗಿದ್ದ ಈ ಸಂಗತಿ, ಎಲ್ಲರನ್ನೂ ಒಂದೇ ರಾಶಿಯಲ್ಲಿ ಸುರಿದಿದ್ದರೆ ಹೊರಗೆ ಬೀಳುತ್ತಿರಲಿಲ್ಲ. ಎರಡು ಗುಣಗಳನ್ನು ಅಡ್ಡವಾಗಿಯೂ ಉದ್ದವಾಗಿಯೂ ಇಟ್ಟು ನೋಡುವ ಇಂತಹ ದ್ವಿಮುಖ ಕೋಷ್ಟಕವೇ ಸಮಾಜ ಸಂಶೋಧಕನ ಮುಖ್ಯ ಆಯುಧ. ಸರಳವಾದುದು, ಅಗ್ಗವಾದುದು, ನನ್ನ ಮಟ್ಟಿಗೆ ಹೇಳುವುದಾದರೆ ಮುಂದೆ ಬಂದಿರುವ ಎಷ್ಟೋ ಸಂಕೀರ್ಣ ಉಪಾಯಗಳಿಗಿಂತ ಹೆಚ್ಚು ಪ್ರಾಮಾಣಿಕವಾದುದು.

ಆದರೆ ಇಂತಹ ವ್ಯತ್ಯಾಸ ಬರಿಯ ಆಕಸ್ಮಿಕವಾಗಿರಬಾರದೇಕೆ? ಮಾದರಿಯ ಚೀಟಿಯೆತ್ತುವಾಗ ಹಾಗೆ ಬಿದ್ದಿರಬಹುದಲ್ಲ? ಈ ಸಂಶಯವನ್ನು ಪರೀಕ್ಷಿಸುವ ಒಂದು ಉಪಾಯವನ್ನು ಇಂಗ್ಲೆಂಡಿನ ಕಾರ್ಲ್ ಪಿಯರ್ಸನ್ನನು 1900ರಲ್ಲಿ ಪ್ರಕಟಿಸಿದನು. ‘ಕೈ’ ಎಂಬ ಗ್ರೀಕ್ ಅಕ್ಷರದಿಂದ ಅದಕ್ಕೆ ಕೈ-ವರ್ಗ ಪರೀಕ್ಷೆಯೆಂದು ಹೆಸರು. ಅಭ್ಯಾಸಕ್ಕಾಗಿ ಎರಡು ವರ್ಗಗಳಿಂದ ನೂರು ನೂರು ಮನೆಗಳೆಂದು ಇಟ್ಟುಕೊಂಡು, ಮೊದಲನೆಯದರಲ್ಲಿ 14, ಎರಡನೆಯದರಲ್ಲಿ 33 ಮಂದಿ ಲಂಚ ಕೊಟ್ಟರೆನ್ನೋಣ. ಒಟ್ಟು 47. ವರ್ಗಭೇದವೇ ಇಲ್ಲದಿದ್ದರೆ ಎರಡರಲ್ಲೂ ಇಪ್ಪತ್ತಮೂರೂವರೆ ನಿರೀಕ್ಷಿಸಬೇಕಾಗಿತ್ತು. ಕೊಡದವರು ಎರಡರಲ್ಲೂ ಎಪ್ಪತ್ತಾರೂವರೆ. ಕಂಡದ್ದಕ್ಕೂ ನಿರೀಕ್ಷಿಸಿದ್ದಕ್ಕೂ ಇರುವ ಅಂತರ ನಾಲ್ಕು ಮನೆಗಳಲ್ಲೂ (ಇಲ್ಲಿ ಮನೆಯೆಂದರೆ ಕೋಷ್ಟಕದ ಚೌಕ) ಒಂಬತ್ತೂವರೆ. ಇದರ ವರ್ಗ 90.25. ಅದನ್ನು ಆಯಾ ಚೌಕದ ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ ನಾಲ್ಕನ್ನೂ ಕೂಡಿಸಿದರೆ ಸುಮಾರು 10 ಬರುತ್ತದೆ. ಎರಡು ಸಾಲು ಎರಡು ಕಂಬದ ಕೋಷ್ಟಕದಲ್ಲಿ ಆಕಸ್ಮಿಕದಿಂದಲೇ ಈ ಮೊತ್ತ 3.84ನ್ನು ಮೀರುವುದು ನೂರಕ್ಕೆ ಐದು ಸಲ, 6.63ನ್ನು ಮೀರುವುದು ನೂರಕ್ಕೆ ಒಂದು ಸಲ. ಹತ್ತನ್ನು ಮುಟ್ಟುವುದು ಸಾವಿರಕ್ಕೆ ಎರಡು ಸಲವೂ ಇಲ್ಲ. ಆದ್ದರಿಂದ ಆಕಸ್ಮಿಕವೆಂಬ ಆಕ್ಷೇಪವನ್ನು ತಳ್ಳಿಹಾಕಬಹುದು. ಕಾಗದ ಪೆನ್ಸಿಲಿನಿಂದ ಹತ್ತು ನಿಮಿಷದಲ್ಲಿ ಮಾಡಬಹುದಾದ ಈ ಲೆಕ್ಕವನ್ನು ವಾಚಕರು ಒಮ್ಮೆ ತಾವೇ ಮಾಡಿ ನೋಡಬೇಕು.

ಈ ಪರೀಕ್ಷೆ ಹೇಳುವುದು ಇಷ್ಟೇ: ವ್ಯತ್ಯಾಸವಿದೆ. ಏಕೆ ಇದೆ ಎಂಬುದನ್ನು ಅದು ಹೇಳಲಾರದು. 2003ರ ವರದಿಯಲ್ಲಿ ಬೆಂಗಳೂರಿನ ಬಹುತೇಕ ಸಂಸ್ಥೆಗಳ ಅಂಕಗಳು ಮೇಲೇರಿದ್ದುವು. ಅಂಕಪಟ್ಟಿ ಬಯಲಾದ ನಾಚಿಕೆಯಿಂದಲೇ ಸುಧಾರಣೆಯಾಯಿತೆ? ಇರಬಹುದು. ಆದರೆ 1999ರಲ್ಲಿ ರಾಜ್ಯ ಸರ್ಕಾರ ನಗರದ ಸುಧಾರಣೆಗೆಂದೇ ಒಂದು ಕಾರ್ಯಪಡೆಯನ್ನು ನೇಮಿಸಿತ್ತು; ಆ ವರ್ಷಗಳಲ್ಲಿ ದೂರವಾಣಿಯ ತಂತ್ರವೂ ಬದಲಾಗುತ್ತಿತ್ತು. ಹಲವು ಕಾರಣಗಳು ಒಂದೇ ಕಾಲದಲ್ಲಿ ಹೆಣೆದುಕೊಂಡಾಗ ಒಂದೊಂದರ ಪಾಲನ್ನು ಬಿಡಿಸುವುದು ಕಷ್ಟ.

ಹೋಲಿಕೆಯ ಕ್ರಮ ಇಲ್ಲಿ ಸ್ವಲ್ಪ ನೆರವಾಗುತ್ತದೆ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದ್ವಾಂಸೆ 1954ರಿಂದ 1956ರವರೆಗೆ ಮಂಡ್ಯದ ಸುತ್ತಿನ ಎರಡು ಹಳ್ಳಿಗಳನ್ನು ಅಭ್ಯಸಿಸಿದರು. ವಂಗಲ, ದಲೇನ ಎಂಬುವು ಅವುಗಳಿಗೆ ಆಕೆ ಇಟ್ಟ ಮರೆಯ ಹೆಸರುಗಳು. ವಂಗಲಕ್ಕೆ ನಾಲೆಯ ನೀರು ಬಂದಿತ್ತು. ದಲೇನ ಎತ್ತರದಲ್ಲಿದ್ದುದರಿಂದ ಅದರ ಭೂಮಿ ಒಣಗಿಯೇ ಉಳಿಯಿತು. ನೀರು ಬಂದ ಊರೇ ಹೆಚ್ಚು ಬದಲಾಗುವುದೆಂದು ಯಾರಾದರೂ ಊಹಿಸಿಯಾರು. ನಡೆದುದು ಬೇರೆ. ವಂಗಲದವರು ಕಬ್ಬು ಬೆಳೆದು ಸಿರಿವಂತರಾದರೂ ಬೇಸಾಯವನ್ನು ಬಿಡಲಿಲ್ಲ. ಒಕ್ಕಲಿಗೂ ಆಳಿಗೂ ಇದ್ದ ವಂಶಪಾರಂಪರ್ಯದ ಸಂಬಂಧಗಳು ಅಲ್ಲಿ ಬಹುಮಟ್ಟಿಗೆ ಹಾಗೆಯೇ ಉಳಿದವು. ದಲೇನದವರು ಬದುಕಿಗಾಗಿ ಮಂಡ್ಯದ ಕೆಲಸಗಳಿಗೂ ವ್ಯಾಪಾರಕ್ಕೂ ಕೈಹಾಕಿದರು, ಅದರೊಡನೆ ಹಳೆಯ ಕಟ್ಟುಗಳೂ ಸಡಿಲಿದವು. ಅಕ್ಕಪಕ್ಕದ, ಉಳಿದೆಲ್ಲದರಲ್ಲೂ ಹೋಲುವ ಎರಡು ಊರುಗಳಾದುದರಿಂದಲೇ ನೀರಿನ ಪಾತ್ರವನ್ನು ಬೇರ್ಪಡಿಸಿ ನೋಡಲು ಸಾಧ್ಯವಾಯಿತು. ಹಾಗಿದ್ದರೂ ಎರಡು ಹಳ್ಳಿಗಳು ಎರಡೇ ಹಳ್ಳಿಗಳು. ಅವುಗಳ ಮೇಲೆ ನಾಡಿನ ನಿಯಮವನ್ನು ಕಟ್ಟಲಾಗದು.

ಎಪ್‌ಸ್ಟೈನರ ಅಭ್ಯಾಸದಲ್ಲಿ ಅಂಕಿಗಳಷ್ಟೇ ಮಾತುಗಳೂ ಇದ್ದುವು. ಮಾತನ್ನು ವಿಶ್ಲೇಷಿಸುವುದು ಹೇಗೆ? ಮೈಸೂರಿನಲ್ಲಿ ಹುಟ್ಟಿ ಬೆಳೆದ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರಿನ ಬಳಿಯ ಒಂದು ಹಳ್ಳಿಯಲ್ಲಿ ನೆಲಸಿ, ಕಂಡದ್ದನ್ನೂ ಕೇಳಿದ್ದನ್ನೂ ದಿನದಿನವೂ ಬರೆದಿಟ್ಟರು. ಆ ಹಳ್ಳಿಗೆ ಅವರಿತ್ತ ಹೆಸರು ರಾಂಪುರ. ವರ್ಷಗಟ್ಟಲೆ ಕುಳಿತು ಆ ಬರಹವನ್ನು ವಿಷಯವಾರು ವಿಂಗಡಿಸಿ ಟಿಪ್ಪಣಿಗಳನ್ನು ಸಿದ್ಧಪಡಿಸಿದ್ದರು. 1970ರ ಏಪ್ರಿಲಿನಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಕಿಡಿಗೇಡಿಗಳು ಇಟ್ಟ ಬೆಂಕಿಗೆ ಆ ಟಿಪ್ಪಣಿಗಳ ಮೂರು ಪ್ರತಿಗಳೂ ಆಹುತಿಯಾದವು. ನೆನಪಿನಿಂದಲೇ ಅವರು ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಗಿ ಹೆಸರು ಪಡೆಯಿತು. ಬೆಂಕಿಯನ್ನು ಇದಕ್ಕಾಗಿ ಹೊಗಳಬೇಕಾಗಿಲ್ಲ. ಮೂರು ಪ್ರತಿಗಳನ್ನು ಒಂದೇ ಕಟ್ಟಡದಲ್ಲಿಡುವುದು ಒಂದು ಪ್ರತಿಯನ್ನಿಟ್ಟಂತೆಯೇ ಎಂಬುದಂತೂ ಸ್ಪಷ್ಟ.

ವಿಷಯವಾರು ವಿಂಗಡಿಸುವುದೆಂದೆನಷ್ಟೆ. ಒಬ್ಬ ಹೆಂಗಸು “ನಲ್ಲಿ ಇದೆ ಸ್ವಾಮಿ, ನೀರು ಬರೋದು ರಾತ್ರಿ ಎರಡು ಗಂಟೆಗೆ” ಎಂದಳೆಂದು ಭಾವಿಸೋಣ. ಅಂಕಿಯ ಪಟ್ಟಿಯಲ್ಲಿ ಇದು “ನಲ್ಲಿ ಇದೆ” ಎಂದಷ್ಟೇ ಆಗುತ್ತದೆ. ಮಾತಿನ ವಿಶ್ಲೇಷಣೆಯಲ್ಲಿ ಇದಕ್ಕೆ ‘ಹೊತ್ತು’, ‘ನಿದ್ರೆಗೇಡು’, ‘ಹೆಂಗಸಿನ ದುಡಿಮೆ’ ಎಂಬ ಗುರುತುಗಳನ್ನು ಹಚ್ಚುತ್ತಾರೆ. ನೂರಾರು ಮಾತುಗಳಿಗೆ ಹೀಗೆ ಗುರುತು ಹಚ್ಚಿದ ಮೇಲೆ ಯಾವ ಗುರುತು ಯಾವುದರ ಜೊತೆಯಲ್ಲಿ ಪದೇ ಪದೇ ಬರುತ್ತದೆ ಎಂಬುದು ಕಾಣತೊಡಗುತ್ತದೆ. ಗುರುತು ಹಚ್ಚುವವನ ಪೂರ್ವಾಗ್ರಹವನ್ನು ತಡೆಯಲು ಅದೇ ಮಾತುಗಳನ್ನು ಇಬ್ಬರಿಗೆ ಬೇರೆ ಬೇರೆಯಾಗಿ ಕೊಡುತ್ತಾರೆ. ನೂರರಲ್ಲಿ 80 ಕಡೆ ಇಬ್ಬರೂ ಒಪ್ಪಿದರೆ ಚೆನ್ನಾಯಿತೆನಿಸುತ್ತದೆ. ಆದರೆ ಕಣ್ಣು ಮುಚ್ಚಿ ಹಚ್ಚಿದ್ದರೂ 50 ಕಡೆ ಒಪ್ಪಿಗೆಯಾಗುತ್ತಿತ್ತು ಎನ್ನುವುದಾದರೆ, ಉಳಿದ 50ರಲ್ಲಿ ಅವರು ನಿಜವಾಗಿ ಗಳಿಸಿದ್ದು 30; ಅಂದರೆ 0.6. ಜೇಕಬ್ ಕೋಹೆನ್ ಎಂಬಾತನು 1960ರಲ್ಲಿ ಸೂಚಿಸಿದ ಈ ಅಳತೆಗೆ ‘ಕಪ್ಪ’ ಎಂದು ಹೆಸರು; ಇದೂ ಗ್ರೀಕ್ ಅಕ್ಷರವೇ.

ಉಪಕರಣಗಳ ವಿಷಯವಾಗಿ ಕೆಲವೇ ಮಾತು ಸಾಕು. ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಹೊಡೆಯುವ ಎಣಿಕೆಯಿಂದ ಈ ಕೆಲಸ ಆರಂಭವಾಯಿತು. ಹಾಲರಿತ್ ಎಂಬವನ ರಂಧ್ರದ ಕಾರ್ಡುಗಳು ಅಮೆರಿಕದ 1890ರ ಜನಗಣತಿಯಲ್ಲಿ ಬಳಕೆಗೆ ಬಂದವು. 1968ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಸಮಾಜ ವಿಜ್ಞಾನಿಗಳಿಗಾಗಿಯೇ ಸಿದ್ಧವಾದ ‘ಎಸ್‌ಪಿಎಸ್‌ಎಸ್’ ಇಂದಿಗೂ ವಿಶ್ವವಿದ್ಯಾನಿಲಯಗಳಲ್ಲಿ ಬಳಕೆಯಲ್ಲಿದೆ. ಅದಕ್ಕೆ ಹಣ ತೆರಬೇಕು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಇಹಾಕ ಮತ್ತು ಜಂಟಲ್‌ಮನ್ ಎಂಬಿಬ್ಬರು ಆರಂಭಿಸಿದ ‘ಆರ್’ ಎಂಬುದು ಉಚಿತವಾಗಿ ದೊರೆಯುತ್ತದೆ. ಕಲಿಯುವುದು ತುಸು ಕಷ್ಟ, ಕಲಿತರೆ ಕೈಬಿಡುವುದಿಲ್ಲ. ಈ ಸಾಧನಗಳ ವೇಗದಲ್ಲೇ ಒಂದು ಅಪಾಯವಿದೆ. ನೂರಕ್ಕೆ ಐದರ ಕಟ್ಟಳೆಯಿಟ್ಟುಕೊಂಡು, ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳನ್ನು ಮಾಡಿದರೆ, ನಿಜವಾಗಿ ಏನೂ ಇಲ್ಲದಿದ್ದರೂ ಒಂದಾದರೂ “ಫಲಿತಾಂಶ” ಸಿಕ್ಕುವ ಸಂಭವ ನೂರಕ್ಕೆ 64. ಹಿಂದೆ ಇಪ್ಪತ್ತು ಪರೀಕ್ಷೆಗೆ ಒಂದು ವಾರ ಹಿಡಿಯುತ್ತಿತ್ತು, ಆದುದರಿಂದ ಯಾವುದನ್ನು ಮಾಡಬೇಕೆಂದು ಯೋಚಿಸುತ್ತಿದ್ದರು. ಈಗ ಒಂದು ಕ್ಷಣ ಸಾಕು.

ಕಡೆಗೆ, ಬೀಗ ಹಾಕಿದ್ದ ಆ ಮನೆಗಳು. ಅವನ್ನು ಬಿಟ್ಟು ಪಕ್ಕದ ತೆರೆದ ಬಾಗಿಲಿಗೆ ಹೋಗುವುದು ಸುಲಭ, ಆದರೆ ನಿಷಿದ್ಧ. ತೆರೆದ ಬಾಗಿಲಿನವರು ಬೀಗದ ಮನೆಯವರಂತಿರುವುದಿಲ್ಲ. ಒಳ್ಳೆಯ ಸಮೀಕ್ಷೆಯಲ್ಲಿ ಅದೇ ಮನೆಗೆ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲವಾದರೂ ಹೋಗುತ್ತಾರೆ, ಅದರಲ್ಲಿ ಒಂದು ಭಾನುವಾರವಾಗಿರುತ್ತದೆ, ಒಂದು ಸಂಜೆ ಏಳರ ಮೇಲೆ. ಪ್ರಶ್ನೆಗಳು ಕನ್ನಡದ ಜೊತೆಗೆ ತೆಲುಗು, ತಮಿಳು, ಹಿಂದಿ, ಬಂಗಾಳಿ, ಒಡಿಯ ಭಾಷೆಗಳಲ್ಲೂ ಸಿದ್ಧವಾಗಿರುತ್ತವೆ. ಆಮೇಲೂ ಸಿಕ್ಕದೆ ಹೋದ ಮನೆಗಳೆಷ್ಟು, ಅವು ಯಾವ ವರ್ಗದವು ಎಂಬುದನ್ನು ಕೋಷ್ಟಕದ ಕೊನೆಯ ಸಾಲಿನಲ್ಲಿ ಬರೆಯುತ್ತಾರೆ. ವರದಿಯನ್ನು ಕೈಗೆತ್ತಿಕೊಂಡ ಅನುಭವಿ ಓದುಗನು ಮೊದಲು ಹುಡುಕುವುದು ಆ ಸಾಲನ್ನೇ.